ಸಂಗೀತಕ್ಕೆ ನಿಯಮ ಬೇಕೇ? ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಸಂಜೆಯ ಹೊತ್ತು ಸಂಗೀತ ಪಾಠ ಹೇಳುವ ನನ್ನಲ್ಲಿಗೆ ಗುಬ್ಬಿ, ತಿಪಟೂರು, ಶಿರಾ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಶಾಲೆಯ ಮಕ್ಕಳು, ನೌಕರಿಯಲ್ಲಿರುವವರು, ಸ್ವಂತ ಹಾಡು ಕಟ್ಟಬೇಕೆನ್ನುವ ಕಾಲೇಜು ಹುಡುಗರು, ಮಕ್ಕಳನ್ನು ಕರೆತರುವ ತಂದೆತಾಯಿಗಳು, ಎಲ್ಲರೂ ಒಂದಲ್ಲ ಒಂದು ದಿನ ನಿಯಮದ ಮಾತನ್ನು ಎತ್ತುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸಂಗೀತ ಮಾಡುವುದಕ್ಕೆ ನಿಯಮಗಳು ನಿಜವಾಗಿಯೂ ಬೇಕೇ?

ಬೇಕು. ಆದರೆ ಅವು ಯಾರಿಗಾಗಿ ಇವೆ ಎಂಬುದನ್ನು ಮೊದಲು ತಿಳಿಯಬೇಕು. ತೋಟದಲ್ಲಿ ಒಬ್ಬರೇ ಕುಳಿತು ತಮಗಾಗಿ ಗುನುಗಿಕೊಳ್ಳುವವರಿಗೆ ನಿಯಮದ ಅಗತ್ಯ ಬಹಳ ಕಡಿಮೆ. ಎದುರಿಗೆ ಕೇಳುಗನೊಬ್ಬ ಬಂದು ಕುಳಿತೊಡನೆ ಆತನ ಕಿವಿ ಮುಂದೇನು ಬರುತ್ತದೆಂದು ಊಹಿಸತೊಡಗುತ್ತದೆ; ಸ್ವರ ಆಧಾರಸ್ವರವಾದ ಷಡ್ಜಕ್ಕೆ (ಸ) ಮರಳುವುದನ್ನು ಕಾಯುತ್ತದೆ, ಪಲ್ಲವಿ ಮತ್ತೆ ಬರುವ ಜಾಗವನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳುತ್ತದೆ. ಹಾಡುವವರಿಗೂ ಕೇಳುವವರಿಗೂ ನಡುವೆ ಹೀಗೆ ಹುಟ್ಟುವ ನಿರೀಕ್ಷೆಯನ್ನೇ ನಾನು ನಿಯಮವೆಂದು ಕರೆಯುತ್ತೇನೆ. ಈ ನಿರೀಕ್ಷೆಯನ್ನು ಒಮ್ಮೆ ಪೂರೈಸುತ್ತ, ಒಮ್ಮೆ ತಡೆಹಿಡಿಯುತ್ತ, ಒಮ್ಮೆ ತಪ್ಪಿಸುತ್ತ ಹೋಗುವುದರಲ್ಲೇ ಸಂಗೀತದ ರಸವಿದೆ. ನಿರೀಕ್ಷೆಯೇ ಇಲ್ಲದ ಕಡೆ ಬೆರಗಿಗೂ ಜಾಗವಿರುವುದಿಲ್ಲ.

ಎಲ್ಲ ನಿಯಮಗಳ ತೂಕವೂ ಒಂದೇ ಆಗಿರುತ್ತದೆಯೇ?

ಇಲ್ಲ, ಮತ್ತು ಹೆಚ್ಚಿನ ಜಗಳಗಳೆಲ್ಲ ಹುಟ್ಟುವುದು ಇದನ್ನು ಮರೆತಾಗ. ಷಡ್ಜ ಪಂಚಮಗಳ (ಸ, ಪ) ಸಂಬಂಧ ನಾದದ ಗುಣದಿಂದಲೇ ಬಂದದ್ದು. ಎರಡರ ಕಂಪನಗಳು 3ಕ್ಕೆ 2ರ ಅನುಪಾತದಲ್ಲಿದ್ದಾಗ ತಂಬೂರಿಯ ತಂತಿಗಳು ಒಂದರೊಳಗೊಂದು ಕರಗಿ ನಿಲ್ಲುತ್ತವೆ, ಸ್ವಲ್ಪ ಸರಿದರೂ ಧ್ವನಿ ಅಲೆ ಅಲೆಯಾಗಿ ನಡುಗುವುದು ಕಿವಿಗೆ ಕೇಳಿಸುತ್ತದೆ. ಇದನ್ನು ಯಾವ ಶಾಸ್ತ್ರಕಾರರೂ ವಿಧಿಸಲಿಲ್ಲ. ಆದಿತಾಳಕ್ಕೆ 8 ಅಕ್ಷರ, ಅದು 4, 2, 2 ಎಂದು ಒಡೆಯುತ್ತದೆ ಎನ್ನುವುದು ಬೇರೆ ಬಗೆಯ ನಿಯಮ. ಕೂಡಿ ನುಡಿಸುವವರು ಮಾಡಿಕೊಂಡ ಒಪ್ಪಂದ ಅದು. ಕಚೇರಿಯನ್ನು ವರ್ಣವೆಂಬ ಬಗೆಯ ರಚನೆಯಿಂದಲೇ ಆರಂಭಿಸಬೇಕೆನ್ನುವುದು ವಾಡಿಕೆ ಮಾತ್ರ. ಮೊದಲನೆಯದನ್ನು ಮುರಿಯುತ್ತೇನೆಂದರೆ ಕಿವಿ ಒಪ್ಪುವುದಿಲ್ಲ; ಎರಡನೆಯದನ್ನು ಜೊತೆಗಾರರ ಸಮ್ಮತಿಯಿಂದ ಬದಲಿಸಬಹುದು; ಮೂರನೆಯದನ್ನು ಕಾರಣವಿದ್ದಾಗ ಧಾರಾಳವಾಗಿ ಬಿಡಬಹುದು. ಈ ಮೂರನೆಯ ಬಗೆಯದನ್ನು ಮೊದಲನೆಯದರಷ್ಟೇ ಪವಿತ್ರವೆಂದು ಮಕ್ಕಳಿಗೆ ಹೆದರಿಸಿ ಹೇಳುವುದು ನನಗೆ ಸರಿಕಾಣುವುದಿಲ್ಲ.

ರಾಗದ ನಿಯಮಗಳನ್ನು ಯಾರು ಮಾಡಿದರು? ಮೊದಲು ಶಾಸ್ತ್ರ ಬಂತೇ, ಹಾಡು ಬಂತೇ?

ಹಾಡು ಮೊದಲು ಬಂತು, ಶಾಸ್ತ್ರ ಅದರ ಹಿಂದೆ ಬಂತು. ಆದರೆ ಕೆಲವೊಮ್ಮೆ ಶಾಸ್ತ್ರವೂ ಹಾಡಿಗೆ ದಾರಿ ತೆರೆದಿದೆ. 17ನೆಯ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ವೆಂಕಟಮಖಿ ತಮ್ಮ ಚತುರ್ದಂಡೀಪ್ರಕಾಶಿಕೆಯಲ್ಲಿ ಸ್ವರಗಳನ್ನು ಜೋಡಿಸಬಹುದಾದ ಕ್ರಮಗಳನ್ನೆಲ್ಲ ಲೆಕ್ಕ ಹಾಕಿ 72 ಮೇಳಗಳ (ರಾಗಗಳಿಗೆ ಮೂಲವಾದ ಸ್ವರಜೋಡಣೆಗಳ) ಯೋಜನೆಯನ್ನು ಮುಂದಿಟ್ಟಾಗ, ಅವರೇ ಹೇಳುವಂತೆ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಉಳಿದವು ಲೆಕ್ಕದಲ್ಲಿದ್ದವೇ ಹೊರತು ಯಾರ ಕಂಠದಲ್ಲೂ ಇರಲಿಲ್ಲ. ಮುಂದಿನ ವಾಗ್ಗೇಯಕಾರರು (ಮಾತು, ಧಾಟಿ ಎರಡನ್ನೂ ಕಟ್ಟುವವರು) ಆ ಬರಿದಾದ ಮನೆಗಳಲ್ಲಿ ಒಂದೊಂದಾಗಿ ದೀಪ ಹಚ್ಚುತ್ತ ಬಂದರು. ಇಂದು ಯಾವ ಕಚೇರಿಯಲ್ಲಾದರೂ ವಿಸ್ತಾರವಾಗಿ ಹಾಡಬಹುದಾದ ಖರಹರಪ್ರಿಯ ಅಷ್ಟು ದೊಡ್ಡ ರಾಗವಾಗಿ ಬೆಳೆದದ್ದು ತ್ಯಾಗರಾಜರ (1767–1847) ಕೃತಿಗಳಿಂದ. ನಿಯಮವೆಂದರೆ ಬೇಲಿ ಎಂದುಕೊಂಡಿರುವವರು ಈ ಚರಿತ್ರೆಯನ್ನು ಒಮ್ಮೆ ನೋಡಬೇಕು, ಏಕೆಂದರೆ ಇಲ್ಲಿ ಶಾಸ್ತ್ರಕಾರರ ಲೆಕ್ಕವೇ ಹಾಡುವವರಿಗೆ ಹೊಸ ನೆಲವನ್ನು ತೋರಿಸಿಕೊಟ್ಟಿತು.

ಜನಪದ ಹಾಡುಗಾರರಿಗೆ ಯಾವ ನಿಯಮವೂ ಇಲ್ಲವಲ್ಲ? ಅವರು ಮನಸ್ಸಿಗೆ ಬಂದಂತೆ ಹಾಡುವುದಿಲ್ಲವೇ?

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕಾಗಿದೆ, ಏಕೆಂದರೆ ನಮ್ಮ ಸೀಮೆಯ ಕಲಾವಿದರಿಗೆ ಆಗುತ್ತಿರುವ ದೊಡ್ಡ ಅನ್ಯಾಯವೊಂದು ಇದರ ಹಿಂದೆ ಇದೆ. ಬರೆದಿಟ್ಟ ನಿಯಮವಿಲ್ಲ ಎಂದಾಕ್ಷಣ ನಿಯಮವೇ ಇಲ್ಲವೆಂದಾಗುವುದಿಲ್ಲ.

ರಾಗಿ ಬೀಸುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಯನ್ನು ತೆಗೆದುಕೊಳ್ಳಿ. ಮೂಲ ಲಕ್ಷಣದ ಪ್ರಕಾರ ಅದರ ಮೂರು ಸಾಲುಗಳಲ್ಲಿ ಒಟ್ಟು 11 ಅಂಶಗಣಗಳು ಬರಬೇಕು, ಅವುಗಳಲ್ಲಿ 6ನೆಯದೂ 10ನೆಯದೂ ಎರಡು ಅಂಶದ ಬ್ರಹ್ಮಗಣವಾಗಿರಬೇಕು, ಉಳಿದವು ಮೂರು ಅಂಶದ ವಿಷ್ಣುಗಣವಾಗಿರಬೇಕು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ಛಂದಸ್ಸು ಕಲ್ಲಿನ ಮೇಲೆ ಕಾಣಿಸುತ್ತದೆ. ಗಣವೆಂದರೇನೆಂದು ಕೇಳಿಯೂ ಇರದ ಅಜ್ಜಿಯರು ಅದೇ ಅಚ್ಚಿನಲ್ಲಿ ಹೊಸ ಹೊಸ ಪದಗಳನ್ನು ಬೀಸುಗಲ್ಲಿನ ಮುಂದೆಯೇ ಕಟ್ಟುತ್ತಿದ್ದರು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಂಡು ಮೂರು ಸಾಲನ್ನು ನಾಲ್ಕರಷ್ಟು ಹರಡುವ ಪದ್ಧತಿಯೂ ಅವರಿಗೆ ಗೊತ್ತು. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಆ ಭಾಗವನ್ನು ಎತ್ತಿಕೊಳ್ಳದೆ ಮುಂದಕ್ಕೆ ಹೋದರೆ, ಕಲ್ಲಿನ ಇನ್ನೊಂದು ಕಡೆ ಕುಳಿತ ಅತ್ತೆ ಮಾತನಾಡದೆ ತಾನೇ ಅದನ್ನು ಎತ್ತಿಕೊಂಡು ಹಾಡುತ್ತಿದ್ದಳು. ಪಾಠವೆಂದರೆ ಅಷ್ಟೇ.

ತಮಟೆಯ ವಿಷಯವೂ ಹಾಗೆಯೇ. ನುಡಿಸುವ ಮೊದಲು ಹುಲ್ಲಿಗೆ ಬೆಂಕಿ ಹಾಕಿ ಚರ್ಮವನ್ನು ಕಾಯಿಸುತ್ತಾರೆ. ಎಷ್ಟು ಕಾಯಬೇಕೆಂದು ಅಂಗೈಯನ್ನು ಚರ್ಮದ ಮೇಲಿಟ್ಟು ನೋಡುತ್ತಾರೆ, ಬೆರಳಿನಿಂದ ತಟ್ಟಿ ದನಿ ಕೇಳುತ್ತಾರೆ. ಕಡಿಮೆಯಾದರೆ ದನಿ ಮಂಕಾಗುತ್ತದೆ, ಹೆಚ್ಚಾದರೆ ಚರ್ಮ ಬಿರಿಯುತ್ತದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದೇವರ ಮೆರವಣಿಗೆಯ ಬಡಿತವೇ ಬೇರೆ, ಸಾವಿನ ಮನೆಯ ಬಡಿತವೇ ಬೇರೆ, ಮತ್ತು ಊರಿನ ಆಚೆ ಹೊಲದಲ್ಲಿ ನಿಂತವರಿಗೂ ಯಾವುದು ಯಾವುದೆಂದು ತಿಳಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಾರಿಸಿದರೆ ಊರೇ ಎದ್ದು ಕೇಳುತ್ತದೆ. ಇದಕ್ಕಿಂತ ಬಿಗಿಯಾದ ನಿಯಮ ಯಾವ ಸಭೆಯಲ್ಲಿದೆ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷಕ್ಕೆ ಇದೂ ಒಂದು ಕಾರಣ. ಇಷ್ಟು ಕಟ್ಟುನಿಟ್ಟಿನ ವಿದ್ಯೆಯನ್ನು ಗದ್ದಲವೆಂದು ಕರೆದವರಿಗೆ ಅದು ತಕ್ಕ ಉತ್ತರವಾಗಿತ್ತು.

ಶಿರಾ ಕಡೆಯ ಕಾಡುಗೊಲ್ಲರು ಬಿದಿರಿನ ಗಣೆಯನ್ನು ಊದುತ್ತ ಜುಂಜಪ್ಪನ ಕಥೆ ಹಾಡುವುದನ್ನು ಕೇಳುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಕಥೆ ಎಲ್ಲಿ ನಿಲ್ಲಬೇಕು, ಗಣೆ ಎಲ್ಲಿ ಮಾತನಾಡಬೇಕು ಎಂಬುದನ್ನು ಕಲಾವಿದರಷ್ಟೇ ಖಚಿತವಾಗಿ ಅಲ್ಲಿ ಕುಳಿತ ಹಿರಿಯರೂ ಬಲ್ಲರು.

ಮಗುವಿಗೆ ಸರಳೆ ವರಸೆಯನ್ನು ಮೂರು ಕಾಲದಲ್ಲಿ (ವೇಗದಲ್ಲಿ) ಹಾಡಿಸುತ್ತಲೇ ಇದ್ದೀರಿ. ಬೇಗ ಒಂದು ಹಾಡು ಹೇಳಿಕೊಡಬಾರದೇ?

ಹೇಳಿಕೊಡುತ್ತೇನೆ, ಮತ್ತು ಮೊದಲ ವಾರದಿಂದಲೇ ಒಂದು ಸಣ್ಣ ದೇವರನಾಮವನ್ನಾದರೂ ಕಿವಿಯಿಂದ ಕಲಿಸುತ್ತೇನೆ. ಆದರೆ ಸರಳೆ, ಜಂಟಿ, ದಾಟು ವರಸೆಗಳನ್ನು ಬಿಡಲಾಗದು. ಆರಂಭದ ಪಾಠಕ್ಕೆ ಮಾಯಾಮಾಳವಗೌಳವನ್ನು ಗೊತ್ತುಮಾಡಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ, ಮತ್ತು ಆ ಆಯ್ಕೆಯ ಹಿಂದೆ ಒಳ್ಳೆಯ ವಿವೇಕವಿದೆ. ಸ ರಿ ಗ ಮ ಎಂಬ ನಾಲ್ಕು ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪ ದ ನಿ ಸ ಎಂಬ ನಾಲ್ಕರ ನಡುವೆಯೂ ಅಷ್ಟಷ್ಟೇ ಅಂತರವಿದೆ. ಕೆಳಗಿನ ಅರ್ಧವನ್ನು ಕಲಿತ ಕಂಠಕ್ಕೆ ಮೇಲಿನ ಅರ್ಧ ಆಗಲೇ ಪರಿಚಿತವಾಗಿರುತ್ತದೆ. ಜೊತೆಗೆ ಅತಿ ಹತ್ತಿರದ ಸ್ವರ, ದೂರದ ಸ್ವರ ಎರಡೂ ಅದರಲ್ಲಿ ಪಕ್ಕಪಕ್ಕದಲ್ಲೇ ಸಿಗುತ್ತವೆ. ಮಗುವಿಗೆ ಈ ಕಾರಣವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರೆ ಬೇಸರ ಅರ್ಧ ಕಡಿಮೆಯಾಗುತ್ತದೆ. ಕಾರಣ ಹೇಳದೆ ಹೇರಿದ ನಿಯಮವೇ ಮಕ್ಕಳನ್ನು ಸಂಗೀತದಿಂದ ಓಡಿಸುವುದು.

ದೊಡ್ಡ ವಿದ್ವಾಂಸರೇ ರಾಗದ ನಿಯಮವನ್ನು ಮೀರುತ್ತಾರೆ. ನಾವು ಮೀರಿದರೆ ಮಾತ್ರ ತಪ್ಪು ಎನ್ನುವುದೇಕೆ?

ಮೊದಲಿಗೆ, ಮೀರಿದಂತೆ ಕಾಣುವ ಹಲವು ಜಾಗಗಳು ನಿಯಮದ ಒಳಗೇ ಇವೆ. ಭೈರವಿಯಲ್ಲಿ ಏರುವಾಗ ಎತ್ತರದ ಚತುಶ್ರುತಿ ಧೈವತ (ದ), ಇಳಿಯುವಾಗ ತಗ್ಗಿನ ಶುದ್ಧ ಧೈವತ ಬರುತ್ತದೆ. ಕಾಂಬೋಜಿಯ ನಿಷಾದ (ನಿ) ತಗ್ಗಿನ ಕೈಶಿಕಿಯಾಗಿದ್ದರೂ ‘ಸ ನಿ ಪ ದ ಸ’ ಎಂಬ ಪ್ರಯೋಗದಲ್ಲಿ ಎತ್ತರದ ಕಾಕಲಿ ನಿಷಾದ ಹೊರಗಿನಿಂದ ಬಂದು ಹೋಗುತ್ತದೆ. ಆ ಒಂದು ಸ್ವರಕ್ಕಾಗಿಯೇ ರಸಿಕರು ಕಾಂಬೋಜಿಯನ್ನು ಕಾಯುತ್ತಾರೆ. ಆದರೆ ಅದನ್ನು ಸಿಕ್ಕಸಿಕ್ಕಲ್ಲಿ ಹಾಕಿದರೆ ಕಾಂಬೋಜಿ ಉಳಿಯುವುದಿಲ್ಲ. ಉಳಿದ ಹೊತ್ತಿನಲ್ಲೆಲ್ಲ ಕೈಶಿಕಿಯನ್ನು ಕಾಪಾಡಿಕೊಂಡು ಬಂದವರಿಗೆ ಮಾತ್ರ ಕಾಕಲಿ ಫಲ ಕೊಡುತ್ತದೆ.

ಎರಡನೆಯದಾಗಿ, ನಿಜವಾಗಿಯೂ ಮೀರಿದವರೂ ಇದ್ದಾರೆ. ರಾಗಕ್ಕೆ ಕನಿಷ್ಠ 5 ಸ್ವರ ಬೇಕೆಂಬ ರೂಢಿಯ ಮಾತನ್ನು ಗಾಯಕ ಎಂ. ಬಾಲಮುರಳಿಕೃಷ್ಣ ಅವರು ಒಪ್ಪದೆ ಲವಂಗಿ, ಮಹತಿ, ಸುಮುಖಿ ಮುಂತಾದ 4 ಸ್ವರಗಳ ರಾಗಗಳನ್ನು ಮಾಡಿ ಹಾಡಿದರು. ಅದಕ್ಕೆ ಬಲವಾದ ವಿರೋಧವೂ ಬಂತು. ನನ್ನ ಅಭಿಪ್ರಾಯದಲ್ಲಿ ಅವರು ಸರಿ. ಏಕೆಂದರೆ ಸ್ವರಗಳ ಸಂಖ್ಯೆಯನ್ನು ಕಡಿಮೆ ಮಾಡಿದರೂ ಶ್ರುತಿಯನ್ನಾಗಲಿ, ಪ್ರತಿಯೊಂದು ಸ್ವರವನ್ನು ನಿಲ್ಲಿಸುವ ರೀತಿಯನ್ನಾಗಲಿ ಅವರು ಸಡಿಲಿಸಲಿಲ್ಲ. 4 ಸ್ವರದಲ್ಲಿ ರಾಗದ ಮುಖ ಕಾಣಿಸಬೇಕಾದರೆ ಉಳಿದ ಶಿಸ್ತು ಇನ್ನೂ ಹೆಚ್ಚೇ ಬೇಕಾಗುತ್ತದೆ. ನೀವೂ ಮೀರಬಹುದು. ಮೀರುತ್ತಿರುವುದು ಏನನ್ನೆಂದು ಹಾಡಿ ತೋರಿಸಬಲ್ಲಿರಾ ಎಂಬುದಷ್ಟೇ ನಾನು ಕೇಳುವ ಪ್ರಶ್ನೆ.

ತಾಳವಿಲ್ಲದೆ ಹಾಡಬಹುದೇ?

ಹಾಡಬಹುದು, ಮತ್ತು ಅದಕ್ಕೆ ನಮ್ಮ ಸೀಮೆಯಲ್ಲೇ ಹಿರಿಯ ಆಧಾರವಿದೆ. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾಗಿರುವ ಶ್ರೀಪಾದರಾಜರು, 15ನೆಯ ಶತಮಾನದಲ್ಲಿ, ರಂಗವಿಠಲ ಎಂಬ ಅಂಕಿತದಲ್ಲಿ ಕೀರ್ತನೆಗಳ ಜೊತೆಗೆ ಉಗಾಭೋಗಗಳನ್ನೂ ಸುಳಾದಿಗಳನ್ನೂ ರಚಿಸಿದರು. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಮಾತಿನ ಭಾವ ಎಲ್ಲಿ ನಿಲ್ಲಿಸುತ್ತದೆಯೋ ಅಲ್ಲಿ ನಿಲ್ಲಬಹುದು. ಸುಳಾದಿಯಾದರೋ ಒಂದೊಂದು ಭಾಗಕ್ಕೆ ಒಂದೊಂದು ತಾಳವಾಗಿ ಬದಲಾಗುತ್ತ ಹೋಗುವ, ಲೆಕ್ಕದ ದೃಷ್ಟಿಯಿಂದ ಬಹಳ ಬಿಗಿಯಾದ ರಚನೆ. ಪೂರ್ತಿ ಬಿಡುಗಡೆಯನ್ನೂ ಪೂರ್ತಿ ಕಟ್ಟನ್ನೂ ಒಬ್ಬರೇ ಮಹಾನುಭಾವರು ಬಳಸಿದರೆಂದರೆ, ಅವೆರಡೂ ಪರಸ್ಪರ ಶತ್ರುಗಳೆಂದು ನಾವು ತಿಳಿಯುವುದಕ್ಕೆ ಕಾರಣವಿಲ್ಲ. ಪಂಡಿತರು ಸಂಸ್ಕೃತದಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಅವರು ದೇವರೆದುರು ಕನ್ನಡದಲ್ಲಿ ಹಾಡಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಅವರು ಬಿಟ್ಟದ್ದು ಒಂದು ವಾಡಿಕೆಯನ್ನು, ಲಯವನ್ನಲ್ಲ.

ತಾಳವಿಲ್ಲದ ಆಲಾಪನೆಯಲ್ಲಿಯೂ ಒಳಗೊಳಗೇ ನಡೆಯೊಂದು ಇರುತ್ತದೆ. ಅದಿಲ್ಲದ ಆಲಾಪನೆ ದಾರಿ ತಪ್ಪಿದಂತೆ ಕೇಳಿಸುತ್ತದೆ.

ನಾನು ಕವಿತೆಗೆ ರಾಗ ಹಾಕುತ್ತಿದ್ದೇನೆ. ಯಾವ ನಿಯಮಗಳನ್ನು ಗಮನಿಸಬೇಕು?

ಕವಿತೆಯ ನಡೆಯನ್ನು ಮೊದಲು ಗಟ್ಟಿಯಾಗಿ ಓದಿ ಹಿಡಿಯಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಾಲುಗಳು 3 ಮಾತ್ರೆ, 4 ಮಾತ್ರೆ ಎಂಬ ಜೋಡಿಯಲ್ಲಿ ಹೆಜ್ಜೆ ಹಾಕುತ್ತವೆ. ಸಣ್ಣ ಸಾಲಿಗೆ 14, ಉದ್ದ ಸಾಲಿಗೆ 23, ಪದ್ಯಕ್ಕೆ ಒಟ್ಟು 102 ಮಾತ್ರೆ. ಮಿಶ್ರಛಾಪು ತಾಳದ ನಡೆಯೂ 3 ಮತ್ತು 4 ಆಗಿರುವುದರಿಂದ ಅದರಲ್ಲಿ ಭಾಮಿನಿ ತಾನಾಗಿಯೇ ಕೂರುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ 5ರ ನಡೆಯದು. ಅದು ಖಂಡಛಾಪುವಿಗೆ ಒಗ್ಗುತ್ತದೆ. ಭಾಮಿನಿಯನ್ನು ಬಲವಂತವಾಗಿ ಆದಿತಾಳಕ್ಕೆ ಹಾಕಿದರೆ ಎಲ್ಲೋ ಒಂದು ಅಕ್ಷರ ಅನಾವಶ್ಯಕವಾಗಿ ಉದ್ದವಾಗಬೇಕಾಗುತ್ತದೆ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಬಳೆ ಬಾಳೆಯಾಗುತ್ತದೆ, ಕರು ಕಾರಾಗುತ್ತದೆ. ಸುಗಮ ಸಂಗೀತದ ಸ್ಪರ್ಧೆಗಳಲ್ಲಿ ಸ್ವರ ಶುದ್ಧವಾಗಿದ್ದರೂ ಮಾತು ಕೆಡುವುದು ಹೆಚ್ಚಾಗಿ ಹೀಗೆಯೇ, ಮತ್ತು ಅದು ನನಗೆ ಶ್ರುತಿ ತಪ್ಪಿದಷ್ಟೇ ನೋವು ಕೊಡುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನವನ್ನು ಕೇಳಿ. ಅವರು ತಾಳ ಹಾಕುವುದಿಲ್ಲ, ಭಾವಕ್ಕೆ ತಕ್ಕಂತೆ ಪದವನ್ನು ಒಡೆದು, ನಿಲ್ಲಿಸಿ, ಮರಳಿ ಹೇಳುತ್ತಾರೆ, ಆದರೂ ಪದ್ಯದ ಗತಿ ಕಳೆದುಹೋಗುವುದಿಲ್ಲ.

ಹಾರ್ಮೋನಿಯಂ ಬಳಸುವುದು ಶಾಸ್ತ್ರಕ್ಕೆ ವಿರುದ್ಧವೇ?

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ನಿಷೇಧ ಹಾಕಿ ಸುಮಾರು ಮೂರು ದಶಕ ಅದನ್ನು ಉಳಿಸಿಕೊಂಡಿತ್ತು. ಅದರ ಮೇಲಿನ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ: ಸ್ಥಿರವಾದ ಮನೆಗಳಿರುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಬರುವುದಿಲ್ಲ, ಪಂಚಮವೂ ತಂಬೂರಿಯ ಪಂಚಮಕ್ಕಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಆದರೆ ಅದೇ ವರ್ಷಗಳಲ್ಲಿ ನಮ್ಮ ಜಿಲ್ಲೆಯ ರಂಗಭೂಮಿ ಆ ವಾದ್ಯದ ಮೇಲೆಯೇ ನಿಂತಿತ್ತು. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ರಂಗಗೀತೆಗಳಲ್ಲಿ ಕರ್ನಾಟಕ ಸಂಗೀತದ ರಾಗಗಳೂ ಹಿಂದೂಸ್ತಾನಿ ಮಟ್ಟುಗಳೂ ಪಾರ್ಸಿ, ಮರಾಠಿ ನಾಟಕಗಳ ಧಾಟಿಗಳೂ ಒಂದೇ ರಾತ್ರಿಯಲ್ಲಿ ಕೇಳಿಸುತ್ತಿದ್ದವು.

ಇಂದಿಗೂ ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ಕುರುಕ್ಷೇತ್ರ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿಗೆ ಬಂದು ರೈತರಿಗೂ ಅಂಗಡಿಯವರಿಗೂ ಹಾಡು ಕಲಿಸುತ್ತಾರೆ. ದುರ್ಯೋಧನನ ಪಾತ್ರಧಾರಿ ಕಂದಪದ್ಯದ ಕೊನೆಯ ಸ್ವರವನ್ನು ಉಸಿರಿರುವ ತನಕ ಎಳೆದು ನಿಲ್ಲುತ್ತಾನೆ, ಮೇಷ್ಟ್ರು ಕಾಲಿನಲ್ಲಿ ಗಾಳಿ ಕೊಡುತ್ತ ಅವನ ಮುಖವನ್ನೇ ನೋಡುತ್ತ ಕಾಯುತ್ತಾರೆ, ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಅವನು ಮತ್ತೆ ಅದನ್ನೇ ಹಾಡುತ್ತಾನೆ. ಕಥೆ ನಿಂತಿತೆಂದು ಯಾರೂ ಬೇಸರಪಡುವುದಿಲ್ಲ, ಏಕೆಂದರೆ ಹಾಗೆ ನಿಲ್ಲಿಸುವುದೇ ಅಲ್ಲಿನ ರೂಢಿ. ಕಚೇರಿಯ ನಿಯಮದಿಂದ ಇದನ್ನು ಅಳೆಯುವುದು ನ್ಯಾಯವಲ್ಲ. ಕರ್ನಾಟಕ ಶೈಲಿಯ ಗಾಯನ ಕಲಿಯುವವರು ಮಾತ್ರ ಅಭ್ಯಾಸಕ್ಕೆ ತಂಬೂರಿಯನ್ನೇ ಇಟ್ಟುಕೊಳ್ಳಲಿ ಎನ್ನುವುದು ನನ್ನ ಸಲಹೆ. ಮೊಬೈಲಿನ ತಂಬೂರಿಯಾದರೂ ಸಾಕು.

ಕಚೇರಿಯನ್ನು ಹೀಗೆಯೇ ನಡೆಸಬೇಕೆಂಬ ಕ್ರಮ ಎಷ್ಟು ಹಳೆಯದು?

ಹೆಚ್ಚೇನೂ ಹಳೆಯದಲ್ಲ. ವರ್ಣದಿಂದ ಆರಂಭಿಸಿ ಚಿಕ್ಕ ಕೃತಿಗಳನ್ನು ಹಾಡಿ, ನಡುವೆ ವಿಸ್ತಾರವಾದ ರಾಗವನ್ನಿಟ್ಟು, ಕೊನೆಗೆ ಲಘುವಾದ ರಚನೆಗಳಿಂದ ಮುಗಿಸುವ ಇಂದಿನ ಕ್ರಮ ಗಟ್ಟಿಯಾದದ್ದು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರ ಕಾಲದಲ್ಲಿ. ಪಿಟೀಲೂ ಪಶ್ಚಿಮದಿಂದ ಬಂದ ವಾದ್ಯವೇ. ಇಂದು ಅದಿಲ್ಲದ ಕಚೇರಿಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ.

ಗಿಟಾರ್, ಕೀಬೋರ್ಡ್ ಕಲಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಎರಡು ಧ್ವನಿಗಳು ಪಂಚಮದ ಅಂತರದಲ್ಲೇ ಜೊತೆಜೊತೆಯಾಗಿ ಸರಿಯಬಾರದೆಂದು ಯುರೋಪಿನ ಸಂಗೀತ ಪಾಠಗಳಲ್ಲಿ ಶತಮಾನಗಳಿಂದ ಕಲಿಸುತ್ತಿದ್ದರು, ಏಕೆಂದರೆ ಹಾಗೆ ಸರಿದಾಗ ಎರಡು ಧ್ವನಿಗಳು ಪ್ರತ್ಯೇಕವಾಗಿ ಕೇಳಿಸದೆ ಒಂದಾಗಿಬಿಡುತ್ತವೆ. ಆ ಒಂದಾಗುವಿಕೆಯೇ ಬೇಕೆನಿಸಿದ ಫ್ರಾನ್ಸಿನ ಸಂಗೀತ ರಚನಕಾರ ಡೆಬ್ಯುಸಿ (1862–1918) ಅದನ್ನು ಬೇಕೆಂದೇ ಬಳಸಿದರು. ಷೋನ್‌ಬರ್ಗ್ ಎಂಬ ಆಸ್ಟ್ರಿಯಾದ ರಚನಕಾರರು 1920ರ ದಶಕದಲ್ಲಿ ಹಳೆಯ ಸ್ವರಸಂಬಂಧಗಳನ್ನೆಲ್ಲ ಬಿಟ್ಟು, 12 ಸ್ವರಗಳನ್ನೂ ತಾವು ಗೊತ್ತುಮಾಡಿದ ಸರದಿಯಲ್ಲೇ ಬಳಸುವ ಪದ್ಧತಿಯನ್ನು ತಂದರು; ಅದು ಅವರು ಬಿಟ್ಟುಬಂದದ್ದಕ್ಕಿಂತಲೂ ಕಠಿಣವಾದ ನಿಯಮವಾಗಿತ್ತು.

ಕಂಪ್ಯೂಟರಿನಲ್ಲಿ ಹಾಡು ಮಾಡುವಾಗ ತಂತ್ರಾಂಶವೇ ಶ್ರುತಿ, ತಾಳಗಳನ್ನು ಸರಿಪಡಿಸುತ್ತದೆ. ಮತ್ತೆ ನಾವು ಕಲಿಯುವುದು ಏತಕ್ಕೆ?

1997ರಲ್ಲಿ ಆಟೋ-ಟ್ಯೂನ್ ಬಂದಂದಿನಿಂದ ಈ ಪ್ರಶ್ನೆ ದೊಡ್ಡದಾಗುತ್ತಲೇ ಇದೆ. ಸಾಮಾನ್ಯವಾಗಿ ಬಳಸುವಾಗ ಇಂಥ ತಂತ್ರಾಂಶ ಕಂಠವನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ. ತೋಡಿ ರಾಗದ ಗಾಂಧಾರವನ್ನು (ಗ) ಅದಕ್ಕೆ ಕೊಟ್ಟು ನೋಡಿ: ತೂಗಾಡಬೇಕಾದ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುತ್ತದೆ, ಏಕೆಂದರೆ ಆ ತೂಗಾಟವೇ ಅದರ ಲೆಕ್ಕದಲ್ಲಿ ತಪ್ಪು. ತಾಳದ ಪೆಟ್ಟುಗಳನ್ನು ತಂತ್ರಾಂಶದ ಸಮ ಅಂತರದ ಗೆರೆಗಳಿಗೆ ಸರಿಯಾಗಿ ಕೂರಿಸಿದಾಗ ತಮಟೆಯ ಬಡಿತಕ್ಕೂ ಇದೇ ಗತಿಯಾಗುತ್ತದೆ. ತಂತ್ರಾಂಶಕ್ಕೂ ನಿಯಮಗಳಿವೆ, ಆದರೆ ಅವು ಬೇರೊಂದು ಸಂಗೀತವನ್ನು ಕೇಳಿದ ಕಿವಿಗಾಗಿ ಮಾಡಿದವು. ಅದನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸಡಿಲಿಸಬೇಕೆಂದು ನಿರ್ಧರಿಸುವುದಕ್ಕೆ ನಿಮ್ಮ ಕಿವಿ ತಯಾರಾಗಿರಬೇಕು.

ನಾನು ಕಟ್ಟಿದ ಧಾಟಿ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಪುಸ್ತಕದೊಡನೆ ಹೋಲಿಸುವ ಮೊದಲು ಇನ್ನೊಬ್ಬರ ಕಂಠದಲ್ಲಿ ಪರೀಕ್ಷಿಸಿ. ಸಂಗೀತ ಕಲಿಯದ ಯಾರಾದರೂ ಒಬ್ಬರಿಗೆ, ಅಮ್ಮನಿಗೋ ಅಕ್ಕನಿಗೋ ಪಕ್ಕದ ಮನೆಯವರಿಗೋ, ಎರಡು ಮೂರು ಸಲ ಹಾಡಿ ತೋರಿಸಿ, ಮರುದಿನ ಅವರಿಂದಲೇ ಹಾಡಿಸಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಹೀಗೆಯೇ ಇನ್ನಿಬ್ಬರಿಂದಲೂ ಹಾಡಿಸಿ. ಒಬ್ಬರು ಮಾತ್ರ ತಪ್ಪಿದ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಬದಲಾಯಿಸಿ ಹಾಡಿದ್ದರೆ ಅಲ್ಲಿ ಅವರ ಕಿವಿ ಬೇರೆ ಏನನ್ನೋ ಕಾಯುತ್ತಿತ್ತೆಂದು ಅರ್ಥ. ಆಗ ಆ ಸಾಲನ್ನು ನಿಧಾನವಾಗಿ ಹಾಡಿಕೊಂಡು, ನೀವು ಹಾಕಿದ ಸ್ವರ ಬೇಕೆಂದೇ ಹಾಕಿದ್ದೋ ಕೈತಪ್ಪಿ ಬಂದದ್ದೋ ನೋಡಿ. ಬೇಕೆಂದೇ ಹಾಕಿದ್ದಾದರೆ ಅದರ ಹಿಂದಿನ ಸಾಲನ್ನು ಇನ್ನಷ್ಟು ಸರಳಗೊಳಿಸಿ, ಆ ಸ್ವರ ಬರುವ ಮೊದಲು ಕಿವಿಗೆ ನೆಲೆ ಸಿಗುವಂತೆ ಮಾಡಿ, ಮತ್ತೆ ಅದೇ ಮೂವರಿಗೆ ಹಾಡಿ ತೋರಿಸಿ.